ವರ್ನಾ ಒತ್ತಿದ ಮೂವತ್ನಾಲ್ಕು ನಿಮಿಷ

ಗ್ಯಾನೆಟ್ ಹಾರ್ಬರ್ ಬಂದರಿನ ಲಾರಿ ಗೇಟಿನಲ್ಲಿ ವರ್ನಾ ಜ್ವಿಕರ್ ಮೂವತ್ತೊಂದು ವರ್ಷ ಕೂತಿದ್ದಳು. ಬಂದರಿನ ಆಫೀಸಿನ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಹಳೆಯ ಅಧ್ಯಕ್ಷರ ಫೋಟೋಗಳು ಸಾಲಾಗಿ ಇವೆ. ಅವರಲ್ಲಿ ಒಬ್ಬನ ಹೆಸರೂ ನನಗೆ ಗೊತ್ತಿಲ್ಲ, ತಿಳಿದುಕೊಳ್ಳುವ ಆಸೆಯೂ ಇಲ್ಲ. ವರ್ನಾಳ ಫೋಟೋ ಯಾವ ಗೋಡೆಯಲ್ಲೂ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಎಲ್ಡನ್ ಕಾರ್ಕಮ್, ಕಂಟೇನರ್ ಲಾರಿ ಓಡಿಸುವವನು. ಬರವಣಿಗೆ ನನ್ನ ಕಸುಬಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಲ್ಲಲ್ಲಿ ದಾರಿ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ವರ್ನಾ ಕುಳ್ಳಿ. ಅವಳಿಗೆ ಎರಡು ಕನ್ನಡಕ, ಒಂದು ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಯಾವುದರಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಕೇಳಿದರೆ, "ಎರಡರಲ್ಲೂ ನೀನು ಒಂದೇ ಥರ ಕೆಟ್ಟದಾಗಿ ಕಾಣ್ತೀಯ" ಎನ್ನುತ್ತಿದ್ದಳು. ಮದುವೆಯಾಗಲಿಲ್ಲ. ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದಳು. ಚಳಿಗಾಲ ಶುರುವಾಗುವ ಮುಂಚೆ ಎಲೆಕೋಸು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ, ಪೀಪಾಯಿಯಲ್ಲಿ ಹುಳಿ ಬರಿಸಿ, ಬಾಟಲಿಗಳಿಗೆ ತುಂಬಿ ನಮಗೆಲ್ಲ ಹಂಚುತ್ತಿದ್ದಳು. ಬಾಟಲಿ ವಾಪಸ್ ಕೊಡದವನಿಗೆ ಮುಂದಿನ ವರ್ಷ ಇಲ್ಲ.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಡ್ರೈವರ್ ಕಿಟಕಿಯಲ್ಲಿ ಚೀಟಿ ಕೊಡುತ್ತಾನೆ. ಅವಳು ಅದರ ಮೇಲೆ ಒಳಗೆ ಹೋದ ಹೊತ್ತಿನ ಮುದ್ರೆ ಒತ್ತುತ್ತಾಳೆ. ಕ್ರೇನು ಅವನ ಲಾರಿಗೆ ಕಂಟೇನರ್ ಏರಿಸುತ್ತದೆ, ಅಥವಾ ಇಳಿಸುತ್ತದೆ. ಹೊರಗೆ ಬರುವಾಗ ಇನ್ನೊಂದು ಮುದ್ರೆ. ಅಷ್ಟೇ. ಆದರೆ ಈ ಎರಡು ಮುದ್ರೆಗಳ ನಡುವೆ ಒಂದು ತೊಂದರೆ ಇತ್ತು.

ತೊಂಬತ್ತಾರನೇ ಇಸವಿಯಲ್ಲಿ ಒಂದು ನಿಯಮ ಬಂತು. ಒಳಗೆ ಹೋದ ಲಾರಿ ಒಂದು ಗಂಟೆಯೊಳಗೆ ಹೊರಗೆ ಬರಬೇಕು, ಬರದಿದ್ದರೆ ಡ್ರೈವರನ ಹೆಸರಿಗೆ ಒಂದು ಕಪ್ಪು ಗುರುತು. ಮೂರು ಗುರುತಾದರೆ ಗೇಟ್ ಪಾಸು ಒಂದು ತಿಂಗಳು ರದ್ದು. ತಡ ಮಾಡುತ್ತಿದ್ದುದು ಕ್ರೇನು, ಗುರುತು ಮಾತ್ರ ನಮಗೆ! ಒಂದು ದಿನ, ಆಗಲೇ ಎರಡು ಗುರುತು ಹೊತ್ತಿದ್ದ ಒಬ್ಬ ಡ್ರೈವರ್ ವರ್ನಾಳ ಕಿಟಕಿಗೆ ಬಂದು ಅಂಗಲಾಚಿದ.

"ವರ್ನಾ, ಕೈ ಮುಗೀತೀನಿ. ಈಗಲೇ ಮುದ್ರೆ ಒತ್ತಬೇಡ. ಕ್ರೇನು ಖಾಲಿಯಾದ ಮೇಲೆ ಒತ್ತು. ಅಲ್ಲೀವರೆಗೆ ಹೊರಗೇ ನಿಂತಿರ್ತೀನಿ."

"ಯಾರಾದ್ರೂ ಕೇಳಿದ್ರೆ?"

"ಯಾರು ಕೇಳ್ತಾರೆ ಮಾರಾಯ್ತಿ, ಆ ಚೀಟಿ ಯಾರು ನೋಡ್ತಾರೆ?"

ವರ್ನಾ ಸ್ವಲ್ಪ ಹೊತ್ತು ಯೋಚಿಸಿದಳು. ಮರುದಿನ ಮನೆಯಿಂದ ಒಂದು ದಾರ, ಒಂದು ಹಿಡಿ ಬಟ್ಟೆ ಕ್ಲಿಪ್ಪು ತಂದಳು. ಕಿಟಕಿಯ ಒಳಗೆ ದಾರ ಕಟ್ಟಿ, ಬಂದ ಚೀಟಿಗಳನ್ನು ಬಂದ ಸಾಲಿನಲ್ಲೇ ಕ್ಲಿಪ್ಪಿನಲ್ಲಿ ನೇತುಹಾಕಿದಳು. ಯಾರದು ಮೊದಲು ಎಂದು ಜಗಳವಾಗಬಾರದೆಂದು ಪ್ರತಿ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಅದು ಕೈಗೆ ಬಂದ ಹೊತ್ತು ಬರೆದಳು. ಕ್ರೇನು ಖಾಲಿ ಎಂದು ಒಳಗಿನಿಂದ ಫೋನು ಬಂದಾಗ, ಮೊದಲ ಚೀಟಿ ಬಿಚ್ಚಿ ಮುದ್ರೆ ಒತ್ತಿ, "ಮುಂದೆ!" ಎಂದು ಕೂಗುತ್ತಿದ್ದಳು. ಆ ಕೂಗು ರಸ್ತೆಯಾಚೆಗಿನ ಚಹಾದ ಗುಡಿಸಲಿಗೂ ಕೇಳುತ್ತಿತ್ತು. ಕಪ್ಪು ಗುರುತು ಬೀಳುವುದು ನಿಂತೇ ಹೋಯಿತು. ಆಗಿನ ಮೇಲ್ವಿಚಾರಕ ನೋಡಿಯೂ ನೋಡದವನ ಹಾಗಿದ್ದ. ಕೆಲವು ವರ್ಷದ ಮೇಲೆ ನಿಯಮವೇ ರದ್ದಾಯಿತು, ಆದರೆ ಕ್ಲಿಪ್ಪು ಉಳಿಯಿತು. ನಮಗೂ ಅದು ಹಿತವಾಗಿತ್ತು. ಚೀಟಿ ಕೊಟ್ಟು, ರಸ್ತೆ ಬದಿಯಲ್ಲಿ ಲಾರಿ ನಿಲ್ಲಿಸಿ, ಚಹಾ ಕುಡಿದು, ಒಂದು ನಿದ್ದೆ ತೆಗೆಯಬಹುದಿತ್ತು.

ಆ ಅಂಗಲಾಚಿದ ಡ್ರೈವರ್ ನಾನೇ. ದಾರಕ್ಕೆ ಬಿದ್ದ ಮೊದಲ ಚೀಟಿ ನನ್ನದು.

ಹತ್ತೊಂಬತ್ತು ವರ್ಷ ಹಾಗೇ ನಡೆಯಿತು. ಕೊನೆಯ ವರ್ಷಗಳಲ್ಲಿ ಬಂದರಿಗೆ ಹೊಸ ಹುಚ್ಚು ಹಿಡಿಯಿತು, ಎಲ್ಲವನ್ನೂ ಅಳೆಯುವ ಹುಚ್ಚು. ಹಡಗು ಎಷ್ಟು ಗಂಟೆ ಕಟ್ಟೆಗೆ ನಿಂತಿತು, ಕ್ರೇನು ಗಂಟೆಗೆ ಎಷ್ಟು ಕಂಟೇನರ್ ಎತ್ತಿತು, ಲಾರಿ ಎಷ್ಟು ನಿಮಿಷದಲ್ಲಿ ಹೊರಬಿತ್ತು. ಗೇಟಿಗೆ ಬರುವ ರಸ್ತೆಯ ಏರಿನಲ್ಲಿ ದೊಡ್ಡ ಫಲಕ ನೆಟ್ಟರು: ಲಾರಿಗಳ ಸರಾಸರಿ ಸಮಯ 34 ನಿಮಿಷ. ಈ ಕರಾವಳಿಯ ಬಂದರುಗಳಲ್ಲಿ ಇದೇ ಎಲ್ಲಕ್ಕಿಂತ ಕಡಿಮೆಯಂತೆ. ಟರ್ಮಿನಲ್ ಮ್ಯಾನೇಜರ್ ಟ್ರೆಂಟ್ ಫ್ಯಾಡರ್ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ. ಇಷ್ಟು ಬೇಗ ಕೆಲಸ ಆಗುವಾಗ ಎರಡನೇ ಗೇಟು ಯಾಕೆ ಎಂದು ಅದನ್ನು ಮುಚ್ಚಿಸಿದ.

ಅಲ್ಲಿಂದ ಶುರುವಾಯಿತು ನಮ್ಮ ಗೋಳು. ಸಾಲು ಏರು ಹತ್ತಿ, ಆ ಫಲಕವನ್ನೂ ದಾಟಿ, ಸೇತುವೆಯವರೆಗೆ ಹೋಯಿತು. ನನ್ನ ಜೊತೆಗಾರ ಮೋಷರ್ ಬಾಯಿಬಡುಕ. ಒಂದು ಮಧ್ಯಾಹ್ನ ಅವನು ಲಾರಿಯಿಂದ ತಲೆ ಹೊರಗೆ ಹಾಕಿ ಫಲಕದ ಕಡೆ ಕೈ ತೋರಿಸಿದ.

"ಲೋ ಎಲ್ಡನ್, ಆ ಮೂವತ್ನಾಲ್ಕು ನಿಮಿಷದಲ್ಲಿ ನಾನು ಎರಡು ಸಲ ನಿದ್ದೆ ಮಾಡಿ ಎದ್ದೆ, ಒಂದು ಸಲ ಗಡ್ಡ ಬೋಳಿಸ್ಕೊಂಡೆ. ಇನ್ನೇನ್ ಮಾಡ್ಲಿ ಹೇಳು."

"ಬಾಯಿ ಮುಚ್ಕೊಂಡಿರು. ಅದೊಂದು ಬಾಕಿ ಇದೆ."

ಆಫೀಸಿನವರು ಬಾಯಿಗೆ ಬಂದ ಅಂಕಿ ಬರೆದಿದ್ದಾರೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ವರ್ನಾಳೂ ಹಾಗೇ ಅಂದುಕೊಂಡಿದ್ದಳು. ಅವಳ ಮುದ್ರೆಯನ್ನು ಯಾರೋ ಕೂತು ಲೆಕ್ಕ ಹಾಕುತ್ತಾರೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಂಥ ದಡ್ಡರಪ್ಪಾ ನಾವು!

ನನಗೆ ಆ ಸಾಲು ಬರೀ ಬೇಸರದ ವಿಷಯವಾಗಿರಲಿಲ್ಲ. ನನ್ನ ಹೆಂಡತಿ ಗ್ಲೆಂಡಾಳ ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಐದಕ್ಕೆ ಅವಳು ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಕೂರಬೇಕು, ನಾಲ್ಕು ಗಂಟೆ. ಮನೆಯಿಂದ ಆಸ್ಪತ್ರೆಗೆ ನಲವತ್ತು ಕಿಲೋಮೀಟರು, ಬಸ್ಸಿಲ್ಲ. ಅವಳಿಗೆ ಕಾರು ಓಡಿಸಲು ಬರುವುದಿಲ್ಲ, ಅಕ್ಕಪಕ್ಕದವರನ್ನು ಎಷ್ಟು ಸಲ ಬೇಡುವುದು? ನಾನು ಸಾಲಿನಿಂದ ಬಿಡಿಸಿಕೊಂಡು ಮನೆ ಮುಟ್ಟುವಾಗ ಅವಳು ಕೋಟು ಹಾಕಿ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಆರು ಗಂಟೆಗೆ ತಲುಪಿದರೆ ಮೂರೇ ಗಂಟೆ. ನರ್ಸುಗಳ ಪಾಳಿ ಮುಗಿಯುತ್ತದೆ, ಅವರೇನು ಮಾಡಿಯಾರು? ಆ ಬೇಸಿಗೆ ಮುಗಿಯುವ ಹೊತ್ತಿಗೆ ಗ್ಲೆಂಡಾಳ ಕಾಲು ಊದಿಕೊಂಡಿದ್ದವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ನರ್ಸು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಒಂದೊಂದು ಗಂಟೆ ಕಳ್ಕೊಂಡಿದ್ದು ಎಲ್ಲೂ ಹೋಗಲ್ಲ ಎಲ್ಡನ್. ಎಲ್ಲಾ ಅವರ ಎದೇಲಿ ನೀರಾಗಿ ಕೂರುತ್ತೆ. ಹೀಗೇ ಆದ್ರೆ ನಾನು ಯಾವ ಮಾತೂ ಕೊಡಲಾರೆ."

ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯದಿಂದ ಮಿಶೆಲ್ ಡೂಸೆ ಎಂಬ ಪ್ರೊಫೆಸರ್ ಬಂದಳು. ಬಂದರು ಯಾರಿಗೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಬೇರೆ ಬೇರೆಯವರನ್ನು ಬೇರೆ ಬೇರೆಯಾಗಿ ಕೇಳುವುದು ಅವಳ ಕೆಲಸ. ಕೈಯಲ್ಲಿ ಮೂರು ಕಟ್ಟು ಕಾಗದ. ನೀಲಿ ಹಡಗಿನವರಿಗೆ, ಹಳದಿ ಸರಕಿನ ಮಾಲೀಕರಿಗೆ, ಹಸಿರು ಟರ್ಮಿನಲ್ಲಿನವರಿಗೆ, ಗೋದಾಮಿನವರಿಗೆ. ನಾನು ಚೀಟಿ ಕೊಡುವ ಹೊತ್ತಿಗೆ ಅವಳು ವರ್ನಾಳ ಕಿಟಕಿಯ ಹತ್ತಿರ ನಿಂತಿದ್ದಳು.

ವರ್ನಾ ತಲೆಯ ಮೇಲಿನ ಕನ್ನಡಕ ಇಳಿಸಿ ಕಟ್ಟುಗಳನ್ನು ನೋಡಿದಳು. ಆಮೇಲೆ ಏರಿನಲ್ಲಿ ನಿಂತ ಲಾರಿಗಳ ಕಡೆ ಗದ್ದ ತೋರಿಸಿದಳು. "ಇವರ ಕಾಗದ ಎಲ್ಲಿದೆಯಮ್ಮ?"

"ಡ್ರೈವರ್‌ಗಳದ್ದು ಬೇಕಾಗಿಲ್ಲ. ಅವರ ಸಮಯ ಟರ್ಮಿನಲ್‌ನವರೇ ಕೊಟ್ಟಿದ್ದಾರೆ. ಮೂವತ್ನಾಲ್ಕು ನಿಮಿಷ."

ವರ್ನಾ ನಕ್ಕಳು. "ಆ ಫಲಕದ ಸುಳ್ಳು ನೀನೂ ನಂಬಿದೆಯಾ? ಅದನ್ನ ಎಲ್ಲಿಂದ ತಂದ್ರೋ ದೇವರಿಗೇ ಗೊತ್ತು."

"ನಿಮ್ಮಿಂದಲೇ ಅಲ್ವಾ?" ಎಂದಳು ಪ್ರೊಫೆಸರ್. "ನಿಮ್ಮ ಎರಡು ಮುದ್ರೆಗಳ ನಡುವಿನ ಸಮಯ ಅದು. ಎಲ್ಲಾ ಚೀಟಿಗಳದ್ದೂ ಕೂಡಿಸಿ ತೆಗೆದಿದ್ದು."

ವರ್ನಾಳ ನಗು ಮುಖದಲ್ಲೇ ಇಂಗಿಹೋಯಿತು. ದಾರದಲ್ಲಿ ಇಪ್ಪತ್ತಾರು ಚೀಟಿಗಳು ನೇತಾಡುತ್ತಿದ್ದವು. ಅವಳು ಒಂದು ಸಲ ಅವನ್ನು ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ನನ್ನ ಕೈಯಲ್ಲಿ ಚೀಟಿ ಹಾಗೇ ಇತ್ತು.

ಆ ಶನಿವಾರ ಅವಳೇ ನಮ್ಮ ಮನೆಗೆ ಬಂದಳು. ಗ್ಲೆಂಡಾ ಚಹಾ, ಓಟ್ಸ್ ಬಿಸ್ಕತ್ತು ಇಟ್ಟು ಒಳಗೆ ಮಲಗಲು ಹೋದಳು. ವರ್ನಾ ಬಿಸ್ಕತ್ತು ಮುಟ್ಟಲಿಲ್ಲ.

"ಎರಡನೇ ಗೇಟು ಮುಚ್ಚಿಸಿದ್ದು ನಾನೇ ಎಲ್ಡನ್."

"ಹುಚ್ಚು ಮಾತಾಡ್ಬೇಡ. ಫ್ಯಾಡರ್ ಮುಚ್ಚಿಸಿದ್ದು."

"ಅವನು ನನ್ನ ಮುದ್ರೆ ನೋಡಿ ಮುಚ್ಚಿಸಿದ. ನಾನು ಇವತ್ತು ನಾಲ್ಕು ಪೆಟ್ಟಿಗೆ ಹಳೇ ಚೀಟಿ ತೆಗೆದು ಕೂತಿದ್ದೆ. ಮುಂದೆ ಮುದ್ರೆ, ಹಿಂದೆ ನನ್ನ ಪೆನ್ಸಿಲು. ಪೆನ್ಸಿಲಿನಿಂದ ಲೆಕ್ಕ ಹಾಕಿದ್ರೆ ಎಷ್ಟು ಬರುತ್ತೆ ಗೊತ್ತಾ? ಎರಡು ಗಂಟೆ ಹನ್ನೊಂದು ನಿಮಿಷ."

ಅವಳು ಚಹಾದ ಬಟ್ಟಲು ಪಕ್ಕಕ್ಕೆ ಸರಿಸಿದಳು.

"ಬುಧವಾರ ಪ್ರೊಫೆಸರು ಸಭೆ ಕರೆದಿದ್ದಾಳೆ, ಅಗ್ನಿಶಾಮಕದವರ ಹಾಲಿನಲ್ಲಿ. ಅಲ್ಲಿ ಹೇಳ್ತೀನಿ."

"ಏಪ್ರಿಲ್‌ಗೆ ನೀನು ರಿಟೈರ್ ಆಗ್ತೀಯ ವರ್ನಾ! ಇನ್ನು ಏಳು ತಿಂಗಳು. ಸುಳ್ಳು ಮುದ್ರೆ ಒತ್ತಿದೆ ಅಂತ ನೀನೇ ಎದ್ದು ಹೇಳಿದ್ರೆ ಸುಮ್ನೆ ಬಿಡ್ತಾರಾ?"

ಅವಳು ಒಳಗಿನ ಕೋಣೆಯ ಬಾಗಿಲ ಕಡೆ ನೋಡಿದಳು. ಅಲ್ಲಿಂದ ಗ್ಲೆಂಡಾ ಕೆಮ್ಮುವುದು ಕೇಳುತ್ತಿತ್ತು. "ಆ ಸಾಲಿನಲ್ಲಿ ಯಾರ್ಯಾರ ಮನೇಲಿ ಏನೇನಿದೆ ಅಂತ ಫ್ಯಾಡರ್‌ಗೆ ಗೊತ್ತಿಲ್ಲ. ನನಗೆ ಗೊತ್ತು. ನೀನು ಬಾ, ಸುಮ್ನೆ ಕೂತಿರು. ಒಂದು ಗುರುತಿನ ಮುಖ ಇದ್ರೆ ಸಾಕು ನನಗೆ."

ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ. ಅವಳು ಹೋದ ಮೇಲೆ ನನ್ನ ತಲೆಗೆ ಮೊದಲು ಬಂದ ಯೋಚನೆ ಅವಳದ್ದಲ್ಲ, ಗ್ಲೆಂಡಾಳದ್ದೂ ಅಲ್ಲ. ನನ್ನ ಹೆಸರು ಬರುತ್ತದಾ, ನನ್ನ ಪಾಸು ಹೋಗುತ್ತದಾ ಎಂಬುದು.

ಬುಧವಾರ ಎರಡೂವರೆಗೆ ಹಾಲಿನಲ್ಲಿ ಮೂವತ್ತು ಜನ. ಪ್ರೊಫೆಸರ್ ಒಬ್ಬೊಬ್ಬರನ್ನೇ ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿದಳು. ಹಡಗಿನ ಏಜೆಂಟ್ ಒಂಬತ್ತು ಕೊಟ್ಟ, ಅವನ ಹಡಗು ಹೇಳಿದ ಹೊತ್ತಿಗೆ ಹೊರಡುತ್ತದೆ. ಬ್ಲೂಬೆರಿ ಹಣ್ಣನ್ನು ಹಿಮಗಟ್ಟಿಸಿ ಕಳಿಸುವ ಮಾಲೀಕ ಏಳು ಕೊಟ್ಟ. ಲಾರಿಗಳು ಯಾಕೋ ತಡವಾಗಿ ಬರುತ್ತವೆ, ಡ್ರೈವರುಗಳು ಸೋಮಾರಿಗಳಾಗಿದ್ದಾರೆ ಎಂದ. ನನಗೆ ಮೈಯೆಲ್ಲ ಉರಿಯಿತು. ಫ್ಯಾಡರ್ ಟರ್ಮಿನಲ್ಲಿಗೆ ಒಂಬತ್ತೂವರೆ ಕೊಟ್ಟುಕೊಂಡ. ಒಂದೇ ಬಂದರು, ಮೂರು ಕುರ್ಚಿಯಿಂದ ಮೂರು ಥರ ಕಾಣುತ್ತಿತ್ತು. ನಮ್ಮ ಕುರ್ಚಿಯೇ ಅಲ್ಲಿರಲಿಲ್ಲ, ನಾನು ಹಿಂದೆ ನೀರಿನ ಮೇಜಿನ ಹತ್ತಿರ ಒಂದು ಸ್ಟೂಲಿನ ಮೇಲೆ ಕೂತಿದ್ದೆ.

ವರ್ನಾ ಎದ್ದಳು. ಚರ್ಚಿಗೆ ಹಾಕುವ ನೀಲಿ ಅಂಗಿ ಹಾಕಿದ್ದಳು. ಒಂದು ಪೆಟ್ಟಿಗೆ ಚೀಟಿ ಪ್ರೊಫೆಸರಳ ಮುಂದೆ ಇಟ್ಟಳು. "ಮೂವತ್ನಾಲ್ಕು ನಿಮಿಷ ನಾನು ಮಾಡಿದ್ದು. ನಿಜವಾದದ್ದು ಹಿಂದೆ ಬರೆದಿದೆ, ತಿರುಗಿಸಿ ನೋಡಿ" ಎಂದಳು. ದಾರದ್ದು, ಕ್ಲಿಪ್ಪಿನದು ಎಲ್ಲ ಹೇಳಿದಳು. ಪ್ರೊಫೆಸರ್ ಚೀಟಿಗಳನ್ನು ಒಂದೊಂದಾಗಿ ತಿರುಗಿಸತೊಡಗಿದಳು. ಬ್ಲೂಬೆರಿಯ ಮಾಲೀಕನೂ ಬಗ್ಗಿ ನೋಡಿದ. "ಎರಡು ಗಂಟೆ? ನನ್ನ ಸರಕು ಎರಡು ಗಂಟೆ ರಸ್ತೆ ಮೇಲೆ ನಿಂತಿರುತ್ತಾ?" ಎಂದು ಅವನು ಫ್ಯಾಡರ್ ಕಡೆ ತಿರುಗಿದ.

ಫ್ಯಾಡರ್‌ನ ಕಿವಿ ಕೆಂಪಾಗಿತ್ತು. "ಅಂದ್ರೆ ಹತ್ತೊಂಬತ್ತು ವರ್ಷದಿಂದ ನೀವು ಸುಳ್ಳು ದಾಖಲೆ ಬರೀತಿದ್ದೀರಿ?"

"ಹೌದು."

"ಯಾರು ಹೇಳಿದ್ರು ಹಾಗೆ ಮಾಡೋಕೆ? ಯಾವ ಡ್ರೈವರ್?"

ವರ್ನಾ ಗೋಡೆಯ ಕಡೆ ನೋಡಿದಳು. "ಯಾರೂ ಇಲ್ಲ. ನನಗೇ ತೋಚಿತು."

ನಾನು ಏಳಬೇಕಿತ್ತು. ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ. ಮೂರೂ ಮುಕ್ಕಾಲಿಗೆ ಹಿಂದಿನ ಬಾಗಿಲಿನಿಂದ ಹೊರಗೆ ಬಂದು, ಮನೆಗೆ ಹೋಗಿ, ಗ್ಲೆಂಡಾಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಎಷ್ಟೋ ವಾರಗಳ ಮೇಲೆ ಅವತ್ತು ಅವಳಿಗೆ ಪೂರ್ತಿ ನಾಲ್ಕು ಗಂಟೆ ಸಿಕ್ಕಿತು.

ಹತ್ತು ದಿನದಲ್ಲಿ ಎರಡನೇ ಗೇಟು ತೆರೆಯಿತು. ಫಲಕವನ್ನು ರಾತ್ರೋರಾತ್ರಿ ಕಿತ್ತು ಎಲ್ಲಿಗೋ ಸಾಗಿಸಿದರು. ಪ್ರೊಫೆಸರ್ ನಾಲ್ಕನೇ ಕಟ್ಟು ತಂದು ನಮ್ಮೆಲ್ಲರ ಕೈಗೂ ಒಂದೊಂದು ಕಾಗದ ಕೊಟ್ಟಳು. ಸಾಲು ಅರ್ಧಕ್ಕೆ ಇಳಿಯಿತು, ನಾನು ಹೊತ್ತಿಗೆ ಸರಿಯಾಗಿ ಮನೆ ಸೇರತೊಡಗಿದೆ. ಗ್ಲೆಂಡಾಳ ಕಾಲಿನ ಊತ ಇಳಿಯಿತು. ವರ್ನಾಳನ್ನು ಮಾತ್ರ ವಿಚಾರಣೆ ಆಗುವವರೆಗೆ ಮನೆಗೆ ಕಳಿಸಿದ್ದರು. ಕಿಟಕಿಯಲ್ಲಿ ಹೊಸಬಳೊಬ್ಬಳು ಕೂತಿದ್ದಳು, ದಾರ ಇರಲಿಲ್ಲ.

ಕಾರ್ಮಿಕ ಸಂಘದವರು ನಮಗೆ ಬಿಡಿಸಿ ಹೇಳಿದರು. ವರ್ನಾ ತನ್ನಷ್ಟಕ್ಕೆ ತಾನೇ ದಾಖಲೆ ತಿದ್ದಿದಳು ಎಂದಾದರೆ ಕೆಲಸದಿಂದ ತೆಗೆಯುತ್ತಾರೆ, ಮೂವತ್ತೊಂದು ವರ್ಷದ ದುಡಿಮೆ ಕಳಂಕದಲ್ಲಿ ಮುಗಿಯುತ್ತದೆ. ಡ್ರೈವರುಗಳು ಕೇಳಿದ್ದಕ್ಕೆ, ಎಲ್ಲರಿಗೂ ಗೊತ್ತಿದ್ದು, ಗೇಟಿನ ರೂಢಿಯಾಗಿ ನಡೆದದ್ದು ಎಂದು ಒಬ್ಬ ಡ್ರೈವರಾದರೂ ವಿಚಾರಣೆಯಲ್ಲಿ ಹೇಳಿದರೆ ಅವಳು ಉಳಿಯುತ್ತಾಳೆ. ಒಬ್ಬನೂ ಮುಂದೆ ಬರಲಿಲ್ಲ. ಬಾಯಿಬಡುಕ ಮೋಷರ್ ಕೂಡ ಬೂಟಿನ ದಾರ ಕಟ್ಟುತ್ತಾ ಕೂತ. ಎಲ್ಲರಿಗೂ ಪಾಸಿನ ಭಯ. ಅವರನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ.

ನಾನು ಒಂದು ಭಾನುವಾರ ಅವಳ ಮನೆಗೆ ಹೋದೆ. ಅಡುಗೆಮನೆಯಲ್ಲಿ ಎಲೆಕೋಸು ಹೆಚ್ಚುತ್ತಿದ್ದಳು, ಮೊಣಕೈವರೆಗೂ ಉಪ್ಪು.

"ವರ್ನಾ, ಅವತ್ತು ನಾನು ಎದ್ದು ನಿಲ್ಲಬೇಕಿತ್ತು."

"ನಿಂತಿದ್ರೆ ಫ್ಯಾಡರ್ ನಿನ್ನನ್ನ ಆರು ಗಂಟೆವರೆಗೆ ಕೂರಿಸಿ ಪ್ರಶ್ನೆ ಕೇಳ್ತಿದ್ದ. ಐದಕ್ಕೆ ಗ್ಲೆಂಡಾನ ಯಾರು ಕರ್ಕೊಂಡು ಹೋಗ್ತಿದ್ರು?" ಅವಳು ಚಾಕು ಕೆಳಗಿಡಲಿಲ್ಲ. "ನಾನು ಗೋಡೆ ಗಡಿಯಾರ ನೋಡ್ತಾನೇ ಇದ್ದೆ ಮಾರಾಯ. ಮೂರೂ ನಲವತ್ತಾಗಿತ್ತು. ಅದಕ್ಕೇ ನಿನ್ನ ಹೆಸರು ಎತ್ತಲಿಲ್ಲ."

ಅಲ್ಲಿಗೇ ಬಿಟ್ಟು ಬರಬಹುದಿತ್ತು. ಅವಳೇ ನನಗೊಂದು ಒಳ್ಳೆಯ ನೆಪ ಹುಡುಕಿಕೊಟ್ಟಿದ್ದಳು. ಆದರೆ ನನಗೋಸ್ಕರ ಗಡಿಯಾರ ನೋಡುತ್ತಿದ್ದ ಹೆಂಗಸಿನ ಎದುರು ಕೂತು ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ.

"ನಾನು ಗಡಿಯಾರ ನೋಡ್ಲೇ ಇಲ್ಲ ವರ್ನಾ. ಗ್ಲೆಂಡಾ ನೆನಪಾಗಿದ್ದೇ ಹೊರಗೆ ಬಂದ ಮೇಲೆ. ಹೆದರಿಬಿಟ್ಟೆ. ಪಾಸು ಹೋಗುತ್ತೆ ಅಂತ ಹೆದರಿ ಕೂತೆ."

ಚಾಕು ನಿಂತಿತು. ಮೂವತ್ತು ವರ್ಷದ ಗುರುತಿನಲ್ಲಿ ಮೊದಲ ಸಲ ಅವಳು ನನ್ನ ಮೇಲೆ ರೇಗಿದಳು. "ಹಾಗಾದ್ರೆ ನನ್ನ ಅಡುಗೆಮನೇಲಿ ಬಂದು ಯಾಕೆ ಅಳ್ತೀಯ? ನನಗೆ ಹೇಳಿ ಏನು ಉಪಯೋಗ? ಮಂಗಳವಾರ ಹತ್ತು ಗಂಟೆಗೆ ವಿಚಾರಣೆ. ನಾನೇನೂ ಕರೆಯಲ್ಲ ನಿನ್ನ. ಹೋಗು, ಬಾಗಿಲು ಎಳ್ಕೊಂಡು ಹೋಗು."

ಮನೆಗೆ ಬಂದು ಗ್ಲೆಂಡಾಗೆ ಎಲ್ಲ ಹೇಳಿದೆ, ತೊಂಬತ್ತಾರರಿಂದ ಹಿಡಿದು. ಅವಳು ತನ್ನ ಕಾಲು ನೋಡಿಕೊಂಡು, "ನನ್ನ ಕಾಲು ಊದಿದ್ದು ನಿನ್ನ ಚೀಟಿಯಿಂದ, ಇಳಿದದ್ದು ಅವಳ ಬಾಯಿಂದ. ಹಾಗೇನಾ?" ಎಂದಳು. ನಾನು ಹೌದೆಂದೆ. ಅವಳು ಎದ್ದು ಹೋಗಿ ನನ್ನ ಒಂದೇ ಒಂದು ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಲು ಕೂತಳು.

ಮಂಗಳವಾರ ಸಣ್ಣ ಕೋಣೆ, ಉದ್ದ ಮೇಜು. ಫ್ಯಾಡರ್, ಬಂದರಿನ ಇಬ್ಬರು, ಸಂಘದವಳು ಒಬ್ಬಳು, ಮೂಲೆಯಲ್ಲಿ ವರ್ನಾ. ನಾನು ಒಳಗೆ ಬಂದಾಗ ಅವಳು ತಲೆ ಎತ್ತಲಿಲ್ಲ. ಡ್ರೈವರುಗಳ ಪರವಾಗಿ ಯಾರಾದರೂ ಇದ್ದಾರಾ ಎಂದು ಕೇಳಿದರು. ಎದ್ದು ನಿಂತೆ. ಅಂದು ಏನೇನು ಬೇಡಿಕೊಂಡೆ, ಅವಳು ಹೇಗೆ ಹಿಂಜರಿದಳು, ಹಳೆಯ ಮೇಲ್ವಿಚಾರಕ ಹೇಗೆ ಆ ದಾರದ ಕೆಳಗೇ ನಿಂತು ಕಾಫಿ ಕುಡಿಯುತ್ತಿದ್ದ, ಎಲ್ಲ ಹೇಳಿದೆ. ಸಂಘದವಳು ಬರಬರನೆ ಬರೆದುಕೊಂಡಳು. ಹೊರಗೆ ಕಾಯಲು ಹೇಳಿದರು, ಒಂದು ಗಂಟೆ ಕಾದೆವು. ಒಂದೇ ಬೆಂಚಿನ ಆ ತುದಿಯಲ್ಲಿ ವರ್ನಾ, ಈ ತುದಿಯಲ್ಲಿ ನಾನು. ಕರೆದು ತೀರ್ಪು ಓದಿದರು: ಅದು ಗೇಟಿನ ರೂಢಿ, ವರ್ನಾಳೊಬ್ಬಳ ತಪ್ಪಲ್ಲ, ಸೋಮವಾರದಿಂದ ಕಿಟಕಿಗೆ ಮರಳಬಹುದು. ಸುಳ್ಳು ಮುದ್ರೆಗೆ ಒತ್ತಾಯ ಮಾಡಿದ್ದಕ್ಕೆ ಎಲ್ಡನ್ ಕಾರ್ಕಮ್‌ನ ಗೇಟ್ ಪಾಸು ಮೂವತ್ತು ದಿನ ರದ್ದು.

ವರ್ನಾ ಎದ್ದು, ನನ್ನ ಹತ್ತಿರ ಬಂದು, ಅಂಗಿಯ ಕಾಲರು ಸರಿಮಾಡಿದಳು. "ಬಾಟಲಿ ವಾಪಸ್ ತಂದಿಲ್ಲ ನೀನು, ಹೋದ ವರ್ಷದ್ದು" ಎಂದಳು. ಅವಳ ಕಣ್ಣು ತುಂಬಿತ್ತು, ನನ್ನದೂ.

ಮರುದಿನ ಬುಧವಾರ. ಓಡಿಸಲು ಲಾರಿಯಿರಲಿಲ್ಲ, ನಿಲ್ಲಲು ಸಾಲಿರಲಿಲ್ಲ. ನಾಲ್ಕೂವರೆಗೇ ಗ್ಲೆಂಡಾಳನ್ನು ಆಸ್ಪತ್ರೆಗೆ ಕರೆತಂದೆ. ನರ್ಸು ಗೋಡೆಯ ಗಡಿಯಾರ ನೋಡಿ, ನನ್ನನ್ನು ನೋಡಿ, ಏನೂ ಕೇಳದೆ ಸೂಜಿ ಸಿದ್ಧ ಮಾಡಲು ಹೋದಳು. ಗ್ಲೆಂಡಾ ಕುರ್ಚಿಯಲ್ಲಿ ಒರಗಿ, ಕಂಬಳಿ ಮೊಣಕಾಲವರೆಗೆ ಎಳೆದುಕೊಂಡಳು. ಹಿಂದಿನ ದಿನವಿಡೀ ನಾನು ಪಾಸು ಹೋಯಿತೆಂದಷ್ಟೇ ಹೇಳಿದ್ದೆ, ಅವಳೂ ಅಷ್ಟಕ್ಕೇ ಸುಮ್ಮನಾಗಿದ್ದಳು.

"ಹೇಳೋವಾಗ ಧ್ವನಿ ನಡುಗಿತಾ?"

"ನಡುಗಿತು."

"ಆದ್ರೂ ಪೂರ್ತಿ ಹೇಳಿದೆಯಾ?"

"ಪೂರ್ತಿ ಹೇಳಿದೆ."

"ಸರಿ" ಎಂದು ಅವಳು ಸೂಜಿ ಚುಚ್ಚದ ಕೈಯನ್ನು ನನ್ನ ಕಡೆ ಚಾಚಿದಳು. "ಕುರ್ಚಿ ಹತ್ತಿರ ಎಳ್ಕೋ. ನಾಲ್ಕು ಗಂಟೆ ಇದೆ."